ಬಾವಿಕಟ್ಟೆಯ ಪಾಠ

"ಗ್ರೌಂಡ್‌ವಾಟರ್," ಎಂದು ಹಿನಾ ಇನ್ನೊಮ್ಮೆ ಬಿಡಿಸಿ ಹೇಳಿ ಮೊಬೈಲನ್ನು ಬಾವಿಯೊಳಕ್ಕೆ ಬಗ್ಗಿಸಿದಳು. ಪರದೆಯ ಆಚೆ ಫ್ರಾನ್ಸಿನಲ್ಲಿ ಕುಳಿತು ಇಂಗ್ಲಿಷ್ ಕಲಿಯುತ್ತಿದ್ದವರು ಆ ಪದವನ್ನು ತಮ್ಮ ರಾಗದಲ್ಲಿ ಹೇಳಿದರು. ಇವತ್ತು ಪರಿಸರದ ಪದಗಳ ಪಾಠ. ಅವಳಿಗೆ ಈ ಆನ್‌ಲೈನ್ ಪಾಠದ ಕೆಲಸ ಕೊಟ್ಟ ಸಂಸ್ಥೆ ಕಳಿಸಿದ ಚಿತ್ರಗಳಲ್ಲಿ ಇದ್ದದ್ದು ಬರೀ ಹಿಮಕರಡಿ. ತಿರುಪ್ಪೂರಿನ ಬಿಸಿಲಲ್ಲಿ ಕೂತು ಹಿಮಕರಡಿ ತೋರಿಸಲು ಅವಳಿಗೇನು ಹುಚ್ಚೇ?

ಮನೆಯೊಡತಿ ರಾಮಾಯಿ ಬಕೆಟ್ ಸೇದಿದಳು. ಮೇಲೆ ಬಂದ ನೀರು ನೇರಳೆ ಬಣ್ಣಕ್ಕಿತ್ತು.

"ಇದು ನಿಜವಾದ ನೀರೇ?" ಎಂದು ಪರದೆಯಲ್ಲಿದ್ದ ಒಬ್ಬಳು ಕೇಳಿದಳು.

"ನಿಜ. ಮುಂದಿನ ಪದ ಎಫ್ಲುಯೆಂಟ್. ಕಾರ್ಖಾನೆ ಹೊರಗೆ ಬಿಡುವ ಕೊಳಕು ನೀರು," ಎಂದು ಹಿನಾ ಮೊಬೈಲನ್ನು ಗೋಡೆಯಾಚೆ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಶೆಡ್ಡಿನತ್ತ ತಿರುಗಿಸಿದಳು.

ದಾವಣಗೆರೆಯಿಂದ ಬಂದು ರಾಮಾಯಿಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದ ಅವಳಿಗೆ ಒಂದು ವಿಷಯ ಗೊತ್ತಿರಲಿಲ್ಲ. ದಿನಾ ಸಂಜೆ ಬೀದಿಗೆ ಪುಕ್ಕಟೆ ಕುಡಿಯುವ ನೀರು ತರುವ ಲಾರಿ ಆ ಶೆಡ್ಡಿನ ಮಾಲೀಕ ಸೋಮಸುಂದರಂನದು. ಯಾರೋ ದೊಡ್ಡ ಮನಸ್ಸಿನವರು ಕಳಿಸುತ್ತಾರೆ ಎಂದುಕೊಂಡಿದ್ದಳು ಹಿನಾ. ಎಂಥ ದೊಡ್ಡ ಮನಸ್ಸು! ಬಾವಿಯ ಬಗ್ಗೆ ಬಾಯಿ ಬಿಡದವರ ಕೊಡಗಳನ್ನಷ್ಟೇ ಆ ಲಾರಿ ತುಂಬುತ್ತಿತ್ತು.

ಪಾಠ ಕೇಳಿದವರಲ್ಲಿ ಒಬ್ಬಳು ಅಲ್ಲಿನ ಬಟ್ಟೆ ಕಂಪನಿಯೊಂದರ ಉದ್ಯೋಗಿ. ಅದೇ ಕಂಪನಿ ಸೋಮಸುಂದರಂಗೆ ಬಣ್ಣದ ಕೆಲಸ ಕೊಡುತ್ತಿತ್ತು. ಮರುದಿನವೇ ಪಾಠದ ವಿಡಿಯೋ ನೋಡಿದ ಕಂಪನಿಯವರಿಂದ ಅವನಿಗೆ ಫೋನ್ ಬಂತು. ಸೋಮಸುಂದರಂ ಬುಸುಗುಡುತ್ತ ಬಂದ. ರಾಮಾಯಿಗೆ ಅವನು ಸ್ವಂತ ಅಣ್ಣನ ಮಗ.

"ಅತ್ತೆ, ಅದು ಬೀಟ್‌ರೂಟ್ ತೊಳೆದ ನೀರು ಅಂತ ಈ ಟೀಚರ್ ಪಿಳ್ಳೆ ಇನ್ನೊಂದು ವಿಡಿಯೋ ಹಾಕಲಿ. ಸಾಯಂಕಾಲ ಲಾರಿ ಬತ್ತದೆ. ನಿನ್ ಕೊಡ ಇಟ್ಟಿದ್ರೆ ಒಪ್ಪಿದಂಗೆ ಅಂದ್ಕೋತೀನಿ. ಇಲ್ಲಾಂದ್ರೆ ನಿಂಗೆ ಇನ್ಮೇಲೆ ಒಂದು ತೊಟ್ಟು ತಣ್ಣಿ ಇಲ್ಲ."

ಪಂಚಾಯ್ತಿ ನಲ್ಲಿ ಇದ್ದದ್ದು ಹೆದ್ದಾರಿಯ ಆಚೆ. ರಾಮಾಯಿಗೆ ಮೆಟ್ಟಿಲು ಹತ್ತುವುದಕ್ಕೇ ಮಂಡಿ ಬಗ್ಗುತ್ತಿರಲಿಲ್ಲ.

"ಅಜ್ಜಿ, ಬೀಟ್‌ರೂಟ್ ಅಂತಲೇ ಹೇಳಿಬಿಡ್ತೀನಿ," ಎಂದಳು. ಹೇಳುವಾಗಲೇ ತನ್ನ ಮೇಲೆ ಹೇಸಿಗೆಯಾಯಿತು. "ನನ್ನ ಪಾಠಕ್ಕೆ ನೀವ್ಯಾಕೆ ಒದ್ದಾಡಬೇಕು?"

"ನೀ ಸುಮ್ನಿರು ನನ್ ಕಣ್ಣೇ." ರಾಮಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಸೋಮಸುಂದರಂನತ್ತ ತಿರುಗಿದಳು. "ಏನ್ಲಾ ಸೋಮು, ಬೆನ್ನಿಗೆ ಸೋರೆಬುರುಡೆ ಕಟ್ಟಿ ಇದೇ ಬಾವೀಲಿ ನಿಂಗೆ ಈಜು ಕಲಿಸಿದ್ದು ನಿಮ್ಮ ಮಾಮ. ಮರೆತ್ಯಾ?"

"ಅದೆಲ್ಲ ಈಗ್ಯಾಕೆ ಅತ್ತೆ?"

"ನಿನ್ ಮಗಂಗೂ ಈಜೋ ವಯಸ್ಸಾಯ್ತಲ್ಲ. ಕರ್ಕೊಂಬಾ. ನನ್ ಕಣ್ಣೆದುರು ಈ ಬಾವಿಗೆ ಇಳಿಸು. ಇಳಿಸಿದ್ರೆ ಬೀಟ್‌ರೂಟ್ ಅಂತ ನಾನೇ ವಿಡಿಯೋದಲ್ಲಿ ಹೇಳ್ತೀನಿ."

ಸೋಮಸುಂದರಂ ಬಾವಿಯತ್ತ ನೋಡಲೂ ಇಲ್ಲ. "ಕೊಡ ಇಡ್ತೀಯೋ ಇಲ್ವೋ, ಸಾಯಂಕಾಲ ಗೊತ್ತಾಗ್ತದೆ," ಎಂದು ಗೊಣಗಿ ಚಪ್ಪಲಿ ಮೆಟ್ಟಿದ.

ಲಾರಿ ಬರುವ ಮುಂಚೆ ಕೊಡ ಇಟ್ಟು ಜಾಗ ಹಿಡಿಯುವುದು ಆ ಬೀದಿಯ ಪದ್ಧತಿ. ಸಂಜೆ ರಾಮಾಯಿ ಗೋಡೆ ಹಿಡಿದುಕೊಂಡು ಬೀದಿಗೆ ಬಂದಳು. ತನ್ನ ಹಸಿರು ಪ್ಲಾಸ್ಟಿಕ್ ಕೊಡವನ್ನು ಎಂದಿನ ಜಾಗದಲ್ಲೇ, ಸಾಲಿನ ಮೊದಲಿಗೆ, ಬೋರಲು ಹಾಕಿದಳು.

"ನಾಳೆ ನೀರಿಗೆ?" ಎಂದಳು ಹಿನಾ.

"ನಡ್ಕೊಂಡು ಹೋಗೋದು. ನಿಧಾನ ಆಗ್ತದೆ, ಅಷ್ಟೇ. ನೀ ನಿನ್ ಕ್ಲಾಸು ಇಲ್ಲೇ ಮಾಡು. ಬಕೆಟ್ಟು ನಾ ಸೇದ್ತೀನಿ."

ಹಿನಾ ಮಹಡಿಗೆ ಓಡಿ ತನ್ನ ಕೊಡ ತಂದು ಪಕ್ಕದಲ್ಲೇ ಬೋರಲು ಹಾಕಿದಳು.

ಲಾರಿ ಬಂತು. ಡ್ರೈವರ್ ಆರುಮುಗಂ ಪೈಪು ಹಿಡಿದು ಇಳಿದವನು ಮೊದಲ ಕೊಡದ ಮುಂದೆ ತಬ್ಬಿಬ್ಬಾಗಿ ನಿಂತ. ಎದುರು ಮನೆಯ ಮಲ್ಲಿಗಾ ಸೊಂಟದಲ್ಲಿ ಖಾಲಿ ಕೊಡ ಇಟ್ಟುಕೊಂಡು ಬಂದಳು. ರಾಮಾಯಿಯನ್ನು ನೋಡಿದಳು, ಕೊಡಗಳನ್ನು ನೋಡಿದಳು. ತನ್ನದನ್ನು ಸಾಲಿನಲ್ಲಿ ಇಡದೆ ರಾಮಾಯಿಯ ಪಕ್ಕ ನಿಂತಳು. ಪೈಪಿನ ತುದಿಯಿಂದ ನೀರು ಹಸಿರು ಕೊಡದ ತಳದ ಮೇಲೆ ತೊಟ್ಟಿಕ್ಕಿ ಮಣ್ಣಿಗಿಳಿಯುತ್ತಿತ್ತು.