ತೆಳು ಪಿಕ್ಕಿನ ಸದ್ದು

ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಸ್ಪರ್ಶ ಹೋಗಿ ಮೂರು ವಾರವಾಗಿತ್ತು. ನೋವಿರಲಿಲ್ಲ. ಬೆರಳುಗಳು ಹೇಳಿದ ಮಾತು ಕೇಳುತ್ತಿದ್ದವು, ಮಡಚಿಕೊಳ್ಳುತ್ತಿದ್ದವು, ಹಿಡಿಯುತ್ತಿದ್ದವು. ಏನನ್ನು ಹಿಡಿದಿದ್ದೇವೆ ಎಂದು ಮಾತ್ರ ನನಗೆ ತಿಳಿಸುತ್ತಿರಲಿಲ್ಲ. ಕತ್ತಿನ ಮೂಳೆಗಳ ನಡುವೆ ನರ ಸಿಕ್ಕಿಕೊಂಡಿದೆ ಎಂದರು ಡಾಕ್ಟರು. ಸೂಜಿ ಚುಚ್ಚಿ ಪರೀಕ್ಷೆ ಮಾಡುವಾಗ ನಾನು ಕಿಟಕಿಯಾಚೆ ಯಾರೋ ಸ್ಕೂಟರ್ ತಳ್ಳುವುದನ್ನು ನೋಡುತ್ತಿದ್ದೆ. "ಮುಗೀತು" ಎಂದು ಅವರು ಹೇಳಿದ ಮೇಲೆಯೇ ಚುಚ್ಚಿದ್ದು ಗೊತ್ತಾದದ್ದು.

"ವಾಪಸ್ ಬರುತ್ತಾ?"

"ಬರಬಹುದು. ಒಂದು ವರ್ಷ ನೋಡೋಣ."

ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದೆ.

ಹನ್ನೆರಡು ವರ್ಷಗಳಿಂದ ನಾನು ಅಕ್ಕನ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದೇನೆ. ಅಕ್ಕ ಹಾಡುತ್ತಾಳೆ, ಭಾವ ಡ್ರಮ್ಸ್ ಬಾರಿಸುತ್ತಾರೆ. ಮೂರೇ ಜನ. ರಿಪೇರಿಗೆಂದು ಮುಚ್ಚಿದ್ದ ಹೋಟೆಲಿನ ಊಟದ ಹಾಲ್ ಶನಿವಾರ ಮತ್ತೆ ತೆರೆಯುವುದರಲ್ಲಿತ್ತು. ಆ ಶನಿವಾರದಿಂದ ಪ್ರತಿ ವಾರ ನಮ್ಮದೇ ಸಂಗೀತ ಎಂದು ಮ್ಯಾನೇಜರ್ ಒಪ್ಪಿದ್ದರು. ಒಪ್ಪಿದ್ದಕ್ಕೆ ಕಾರಣ ಒಂದೇ ಒಂದು ಹಾಡು. ಅಕ್ಕ ತಾನೇ ಕಟ್ಟಿದ್ದು. ಅದರಲ್ಲಿ ಡ್ರಮ್ಸ್ ಇಲ್ಲ. ಅವಳು ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ ಹಾಡುತ್ತಾಳೆ, ನಾನು ತಂತಿ ಮೀಟುವ ಪಿಕ್ ಇಲ್ಲದೆ ಬರಿಬೆರಳಿನಲ್ಲಿ ನುಡಿಸುತ್ತೇನೆ. ನುಡಿಸುತ್ತಿದ್ದೆ.

ಬೆರಳಿನ ವಿಷಯ ಅಕ್ಕನಿಗೆ ಹೇಳಿರಲಿಲ್ಲ. ಹೇಳಿದರೆ ನನ್ನ ಜಾಗ ಹೋಗುತ್ತಿತ್ತು. ಹೋದರೆ ಏನು ಮಾಡುವುದು ಎಂದು ಯೋಚಿಸಿಯೂ ಇರಲಿಲ್ಲ. ಸುಮ್ಮನೆ ಹೇಳಿರಲಿಲ್ಲ, ಅಷ್ಟೆ.

ಸೋಮವಾರ ಮೂರು ಗಂಟೆಗೆ ಹೋಟೆಲಿನ ಹಾಲಿನಲ್ಲೇ ರಿಹರ್ಸಲ್. ಕುರ್ಚಿಗಳನ್ನು ಮೇಜುಗಳ ಮೇಲೆ ಬೋರಲು ಹಾಕಿ ನೆಲ ಒರೆಸಿದ್ದರು, ಫಿನಾಯಿಲ್ ವಾಸನೆ ಇನ್ನೂ ಆರಿರಲಿಲ್ಲ. ನನ್ನ ಹಳೆಯ ಪಿಕ್ ಮುಕ್ಕಾಲು ಮಿಲಿಮೀಟರಿನದು. ಅದು ಕೈಯಿಂದ ಜಾರಿ ಬಿದ್ದರೂ ನನಗೆ ತಿಳಿಯುತ್ತಿರಲಿಲ್ಲ, ಬರಿ ಉಗುರಿನಲ್ಲಿ ತಂತಿ ಕೆರೆಯುತ್ತಲೇ ಇರುತ್ತಿದ್ದೆ. ಅದಕ್ಕೇ ಹೊಸದೊಂದನ್ನು ಕೊಂಡಿದ್ದೆ. ದಪ್ಪ, ಕಪ್ಪು, ಎರಡೂ ಮೈ ಉಪ್ಪುಕಾಗದದಷ್ಟು ಒರಟು. ಜಾರುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿತ್ತು.

ಜಾರಲಿಲ್ಲ. ಮೂರನೇ ಹಾಡಿನ ಮಧ್ಯೆ ಅಕ್ಕ ಕೈ ಎತ್ತಿ ನಿಲ್ಲಿಸಿದಳು.

"ಏನೋ ಇದು, ಗಿಟಾರಿಗೆ ಕಂಬಳಿ ಹೊದಿಸಿ ಮಲಗಿಸಿದ ಹಾಗಿದೆ?"

"ಪಿಕ್ ಹೊಸದು."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

"ನೆಲ ನಿಜವಾಗ್ಲೂ ಡೊಂಕಿದೆ ಕಣೇ," ಎಂದರು ಭಾವ. "ನನ್ನ ಡ್ರಮ್ಮು ಆಗಲೇ ಒಂದು ಗೇಣು ಆ ಕಡೆ ಹೋಗಿದೆ."

"ನೀವು ಸುಮ್ನಿರಿ. ಲೋ, ಹೋದ ವಾರ ನಿನ್ನ ಗಿಟಾರು ಕಿವಿಗೆ ಚುಚ್ಚುತ್ತೆ ಅಂದೆ, ಅದಕ್ಕೆ ಸೇಡು ತೀರಿಸ್ಕೊಳ್ತಿದ್ದೀಯಾ? ಹೇಳೋದಿದ್ರೆ ಬಾಯಿಬಿಟ್ಟು ಹೇಳು."

ನಾನು ಕೈ ನೋಡಿಕೊಂಡೆ. ಪಿಕ್ ಮೂರು ಮೂಲೆಯ ವಸ್ತು. ಚೂಪು ತುದಿಯಲ್ಲಿ ಮೀಟಿದರೆ ಸ್ವರ ಬಿಡಿಸಿಟ್ಟ ಹಾಗೆ ಕೇಳುತ್ತದೆ. ಮೇಲಿನ ಎರಡು ಗುಂಡನೆಯ ಮೂಲೆಗಳಲ್ಲಿ ಮೀಟಿದರೆ ಮಂಕಾಗುತ್ತದೆ. ಜಾರದ ಪಿಕ್ ಜಾರದೆಯೇ ನಿಧಾನವಾಗಿ ತಿರುಗಿತ್ತು. ಎರಡು ಹಾಡುಗಳನ್ನು ಪೂರ್ತಿ ಗುಂಡು ಮೂಲೆಯಲ್ಲಿ ನುಡಿಸಿದ್ದೆ. ದಪ್ಪ ಪಿಕ್ ತಂತಿಗೆ ತಾಕುವಾಗ ಸದ್ದು ಮಾಡುವುದಿಲ್ಲವಾದ್ದರಿಂದ ಕಿವಿಗೂ ಸುಳಿವು ಸಿಕ್ಕಿರಲಿಲ್ಲ.

"ನೋಡ್ರಿ, ಇಷ್ಟು ಹೇಳಿದ್ರೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಕೂತಿದ್ದಾನೆ," ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿದಳು. "ಗುರುವಾರ ಇನ್ನೊಂದ್ಸಲ ನೋಡ್ತೀನಿ. ಆಗಲೂ ಹೀಗೇ ಆದ್ರೆ ಶನಿವಾರಕ್ಕೆ ಸೋಡಾಬುಡ್ಡಿಗೆ ಹೇಳ್ತೀನಿ. ಬೇಜಾರು ಮಾಡ್ಕೋಬೇಡ."

ಸೋಡಾಬುಡ್ಡಿ ಎಂದರೆ ಸಂಗೀತ ಶಾಲೆಯಲ್ಲಿ ಗಿಟಾರ್ ಕಲಿಸುವವನು. ದಪ್ಪ ಕನ್ನಡಕ, ಒಂದು ಸ್ವರವೂ ತಪ್ಪದ ಕೈ. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಮಾಡಿಕೊಳ್ಳಲು ಏನೋ ಬೇಕಾಗುತ್ತದಲ್ಲ, ಅದು ಇರಲಿಲ್ಲ.

ಮರುದಿನ ಬೇರೆ ಪಿಕ್ ಹುಡುಕಿಕೊಂಡು ವಾದ್ಯಗಳ ಅಂಗಡಿಗೆ ಹೋದೆ. ಅಂಗಡಿಯಾಕೆ ಒಂದು ಪಿಟೀಲಿನ ಬಿರಡೆಗೆ ಸೀಮೆಸುಣ್ಣ ಸವರುತ್ತಿದ್ದರು. ತಲೆಯೆತ್ತದೆ ಪಿಕ್ಕುಗಳ ತಟ್ಟೆ ನನ್ನತ್ತ ಸರಿಸಿ, ಗೋಡೆಗೆ ಒರಗಿಸಿದ್ದ ಹಳೇ ಗಿಟಾರನ್ನು ಗಲ್ಲದಿಂದ ತೋರಿಸಿದರು. ನೈಲಾನಿನದು ಮೃದುವಾಗಿತ್ತು, ಮಾತಿನ ಮಧ್ಯೆ ಎಂಜಲು ನುಂಗಿದ ಹಾಗೆ. ನಡುವೆ ತೂತಿರುವುದು ಪರವಾಗಿಲ್ಲ ಅನ್ನಿಸಿತು, ನಾಲ್ಕನೇ ಮೀಟಿಗೆ ತಿರುಗಿತು. ಹೆಬ್ಬೆರಳಿಗೆ ಉಂಗುರದ ಹಾಗೆ ತೊಡಿಸುವುದನ್ನೂ ನೋಡಿದೆ. ತಂತಿಯಿಂದ ಎಷ್ಟು ದೂರದಲ್ಲಿದೆ ಎಂದು ತಿಳಿಯದೆ ಮರದ ಹಲಗೆಗೆ ಬಡಿಯಿತು.

"ಎಷ್ಟು ದಿನ ಆಯ್ತಪ್ಪ?" ಎಂದು ಕೇಳಿದರು ಅಂಗಡಿಯಾಕೆ.

"ಏನು?"

"ಬೆರಳು. ಒಂದೊಂದು ಮೀಟಿಗೂ ಕೈ ನೋಡ್ಕೊಳ್ತಿದ್ದೀಯಲ್ಲ."

"ಮೂರು ವಾರ."

"ಮತ್ತೆ ಮೊನ್ನೆ ಬಂದು ಆ ಒರಟು ಪಿಕ್ ತಗೊಂಡು ಹೋದೆ. ಹಿಡಿತದ ಪಿಕ್ ಇರೋದು ಹಿಡಿತ ಇರೋರಿಗೆ ಕಣಪ್ಪ." ಇಷ್ಟು ಹೇಳಿ ಬಿರಡೆಗೆ ವಾಪಸಾದರು. ಆಕೆ ಅಯ್ಯೋ ಪಾಪ ಅನ್ನದಿದ್ದದ್ದು ಹಿತವಾಗಿತ್ತು, ಅಥವಾ ಹಿತವಾಗಿರಬೇಕು ಎಂದುಕೊಂಡೆ.

ತಟ್ಟೆಯ ತಳದಲ್ಲಿ ಕಿತ್ತಳೆ ಬಣ್ಣದ್ದೊಂದು ಇತ್ತು. ಅರ್ಧ ಮಿಲಿಮೀಟರಿಗಿಂತ ತೆಳು, ಊದಿದರೆ ಬಾಗುವಂಥದು. ಅದು ತಂತಿಗೆ ತಾಕಿದಾಗೆಲ್ಲ ಸ್ವರಕ್ಕಿಂತ ಮೊದಲು ಟಿಕ್ ಎನ್ನುತ್ತಿತ್ತು. ಸ್ವಲ್ಪ ವಾರೆಯಾದರೆ ಟಿಕ್ ಹೋಗಿ ಚರ್ ಎನ್ನುತ್ತಿತ್ತು. ಇನ್ನೂ ತಿರುಗಿದರೆ ಟಪ್. ಕಣ್ಣು ಮುಚ್ಚಿಕೊಂಡು ನುಡಿಸಿದೆ. ಪಿಕ್ ಎಲ್ಲಿದೆ, ಯಾವ ಕಡೆ ವಾಲಿದೆ, ಎಷ್ಟು ತುದಿ ಹೊರಗಿದೆ, ಎಲ್ಲವೂ ಕೇಳಿಸುತ್ತಿತ್ತು. ಹತ್ತು ನಿಮಿಷ ಒಮ್ಮೆಯೂ ಕೈ ನೋಡಿಕೊಳ್ಳಲಿಲ್ಲ.

"ಅದು ಮೊದಲನೇ ತಿಂಗಳು ಕಲಿಯೋರದ್ದು," ಎಂದರು ಅಂಗಡಿಯಾಕೆ. "ಕೆಟ್ಟ ಸದ್ದು."

"ಹೌದು," ಎಂದೆ. ನಾಲ್ಕು ಕೊಂಡೆ.

ಗುರುವಾರದ ರಿಹರ್ಸಲ್ ಚೆನ್ನಾಗಿಯೇ ಶುರುವಾಯಿತು. ವೇಗದ ಹಾಡುಗಳಲ್ಲಿ ನನ್ನ ಟಿಕ್ ಡ್ರಮ್ಸಿನೊಳಗೆ ಸೇರಿಹೋಗುತ್ತಿತ್ತು. "ಇವತ್ತು ನನಗೆ ಒಂದು ಕೈ ಕೆಲಸ ಕಡಿಮೆ," ಎಂದರು ಭಾವ. "ಸಂಬಳ ಮಾತ್ರ ಎರಡೂ ಕೈಗೆ." ಅಕ್ಕ ನಕ್ಕಳು. ಹಾಡುಗಳ ಪಟ್ಟಿಯ ಮೇಲೆ ಅವಳ ಪೆನ್ಸಿಲ್ ಒಂದೊಂದೇ ಗುರುತು ಹಾಕುತ್ತಾ ಕೆಳಗಿಳಿಯಿತು. ಕೊನೆಗೆ ಅವಳ ಹಾಡು ಬಂತು. ಭಾವ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಕ್ಕೆ ಒರಗಿದರು.

ನಾನು ಪಿಕ್‌ನಲ್ಲೇ ಶುರುಮಾಡಿದೆ. ಮೆಲ್ಲನೆಯ ಹಾಡಿನಲ್ಲಿ ಆ ಟಿಕ್ ಅಕ್ಕನ ಮೈಕಿನೊಳಕ್ಕೆ ಹೋಗಿ ಹಾಲಿನ ನಾಲ್ಕೂ ಮೂಲೆಗಳಿಂದ ಹೊರಬಂತು. ಅವಳು ಮೊದಲ ಸಾಲಿನಲ್ಲೇ ನಿಂತಳು.

"ಪಿಕ್ ಕೆಳಗಿಡೋ. ಬೆರಳಲ್ಲಿ ನುಡಿಸು."

ಪಿಕ್ ಕೆಳಗಿಟ್ಟೆ. ಹೆಬ್ಬೆರಳು ಆರನೇ ತಂತಿಗೆ ಹೋಗುವ ಬದಲು ಐದನೆಯದಕ್ಕೆ ಹೋಯಿತು. ಸರಿಪಡಿಸಿಕೊಂಡೆ. ತೋರುಬೆರಳು ಗಾಳಿಯಲ್ಲಿ ಮೀಟಿತು. ಮತ್ತೆ ಶುರುಮಾಡಿದೆ, ಮತ್ತೆ ಹಾಗೇ ಆಯಿತು.

"ಕುಡಿದಿದ್ದೀಯಾ?"

"ಇಲ್ಲ. ಎರಡು ಬೆರಳಿಗೆ ಏನೂ ಗೊತ್ತಾಗಲ್ಲ. ಒಂದು ತಿಂಗಳಾಗ್ತಾ ಬಂತು."

ಅಕ್ಕ ಮೈಕ್ ಬಿಟ್ಟು ಬಂದು ನನ್ನ ಹೆಬ್ಬೆರಳು ಹಿಡಿದು ಉಗುರಿನಿಂದ ಒತ್ತಿದಳು. "ಈಗ?"

"ಇಲ್ಲ."

"ಈಗ?" ಚರ್ಮದ ಮೇಲೆ ಬಿಳಿಯ ಗೆರೆ ಮೂಡಿತು.

"ಒತ್ತುತ್ತಿದ್ದೀಯ ಅಂತ ಕಾಣ್ತಿದೆ."

"ಮೊದಲೇ ಬೊಗಳೋಕೆ ಏನಾಗಿತ್ತು ನಿನಗೆ?" ಎಂದಳು. ಕೈ ಬಿಡಲಿಲ್ಲ. ಭಾವ ಎದ್ದು ಬಂದು ನಮ್ಮಿಬ್ಬರ ಪಕ್ಕ ನಿಂತರು, ಏನು ಮಾಡಬೇಕೆಂದು ತೋಚದೆ ಒಂದು ಕೋಲಿನಿಂದ ಬೆನ್ನು ಕೆರೆದುಕೊಂಡರು.

ಕೊನೆಗೆ ನನ್ನ ಕೈ ಬಿಟ್ಟು ಅಕ್ಕ ಹೇಳಿದಳು, "ಈ ಹಾಡು ಬಿಟ್ಟುಬಿಡೋಣ. ಉಳಿದದ್ದು ಹನ್ನೊಂದಿದೆ, ಸಾಕು."

ಪೆನ್ಸಿಲ್ ತೆಗೆದುಕೊಂಡು ಪಟ್ಟಿಯ ಕೊನೆಯ ಸಾಲನ್ನು ಹೊಡೆದುಹಾಕಿದಳು. ಅವಳ ಮುಖದಲ್ಲಿ ಆಗ ಏನಿತ್ತೋ ಅದನ್ನು ನೋಡಿ ನನಗೆ ಏನಾದರೂ ಆಗಬೇಕಿತ್ತು. ಆ ಹಾಡಿಗೆಂದೇ ಹೋಟೆಲಿನವರು ಕರೆದಿದ್ದರು. ಅದಿಲ್ಲದಿದ್ದರೆ ನಾವು ಊಟದ ಜೊತೆ ಬರುವ ಗದ್ದಲ.

"ಬೇಡ. ಸೋಡಾಬುಡ್ಡಿಗೆ ಫೋನ್ ಮಾಡು."

"ಒಂದು ಹಾಡಿಗೆ ಯಾರು ಬರ್ತಾರೆ?"

"ಎಲ್ಲಾ ಹಾಡಿಗೂ ಕರಿ."

ಕಂಡಕ್ಟರಿಗೆ ಇಳಿಯುವ ಸ್ಟಾಪು ಹೇಳುವ ಹಾಗೆ ಹೇಳಿದೆ. ಅಕ್ಕ ನನ್ನನ್ನು ಒಂದು ಕ್ಷಣ ನೋಡಿ, ಕಿಟಕಿಯ ಹತ್ತಿರ ಹೋಗಿ ಫೋನ್ ಮಾಡಿದಳು.

ಶುಕ್ರವಾರ ಸೋಡಾಬುಡ್ಡಿ ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ ಬಂದ. ನನ್ನನ್ನು ಕಂಡು ಮುಜುಗರದಿಂದ, "ಅಣ್ಣ, ನೀವೂ ಇರ್ತೀರಾ?" ಎಂದ.

"ಇರ್ತೀನಿ."

ಹನ್ನೊಂದು ಹಾಡುಗಳನ್ನು ತಪ್ಪಿಲ್ಲದೆ ನುಡಿಸಿದ. ಅಕ್ಕನ ಹಾಡಿಗೆ ಬಂದಾಗ ತನಗೆ ಬರಿಬೆರಳಿನ ಅಭ್ಯಾಸವಿಲ್ಲ ಎಂದ. ಪಿಕ್‌ನಲ್ಲಿ ಶುರುಮಾಡಿದ. ಗಾಜಿನ ಚೂರು ಚೆಲ್ಲಿದ ಹಾಗಿತ್ತು, ಅಕ್ಕನ ದನಿ ಅದರ ಮೇಲೆ ಕಾಲಿಡಲು ಹೆದರುತ್ತಿತ್ತು. ಅಕ್ಕ ಹಾಡು ನಿಲ್ಲಿಸಿದಳು, ಅಷ್ಟೆ. ಹೊಸಬರಿಗೆ ಅವಳು ಬೈಯುವುದಿಲ್ಲ.

"ನಿನ್ನ ಹತ್ರ ಬೇರೆ ಪಿಕ್ ಯಾವ್ಯಾವುದಿದೆ?" ಎಂದು ಕೇಳಿದೆ.

ಅವನು ತಗಡಿನ ಡಬ್ಬಿಯೊಂದನ್ನು ಮೇಜಿನ ಮೇಲೆ ಬಗ್ಗಿಸಿದ. ಆರು ಬಿದ್ದವು. ಒಂದೊಂದರಲ್ಲೂ ಎರಡೆರಡು ಸಾಲು ನುಡಿಸಲು ಹೇಳಿದೆ. ಮರದ್ದು ಒಣಗಿದಂತಿತ್ತು. ಆಮೆಚಿಪ್ಪಿನ ಬಣ್ಣದ್ದು ಸುಮಾರು. ಆರನೆಯದು ಉಣ್ಣೆ ಒತ್ತಿ ಮಾಡಿದ್ದು, ಬಿಸ್ಕತ್ತಿನಷ್ಟು ದಪ್ಪ; ಯಾರೋ ಕೊಟ್ಟದ್ದಂತೆ, ಅವನು ಯಾವತ್ತೂ ಬಳಸಿರಲಿಲ್ಲ. ಅದು ತಂತಿಗೆ ತಾಕಿದ್ದೇ ಕೇಳಿಸಲಿಲ್ಲ; ನನ್ನ ಕೈಯಲ್ಲಿದ್ದರೆ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಸ್ವರ ಮಾತ್ರ ಬಂತು, ಬೆರಳಿನ ಮೆತ್ತನೆಯ ಭಾಗದಿಂದ ಬಂದ ಹಾಗೆ.

"ಇದು. ಅವಳು ಎರಡನೇ ಸಾಲಲ್ಲಿ ಉಸಿರು ತಗೊಳ್ತಾಳೆ, ಅಲ್ಲಿ ಕಾಯಿ."

ಅಕ್ಕ ಹಾಡಿದಳು. ಹಾಡಿನ ಅರ್ಧಕ್ಕೆ ಮ್ಯಾನೇಜರ್ ಬಾಗಿಲಲ್ಲಿ ಬಂದು ನಿಂತು, ಕೈಯಲ್ಲಿದ್ದ ಕಾಗದಗಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಪೂರ್ತಿ ಕೇಳಿ ಹೋದರು.

"ಹೇಗಿತ್ತು?" ಎಂದಳು ಅಕ್ಕ.

"ಕೊನೆಯಲ್ಲಿ ಒಂಚೂರು ಅವಸರ ಮಾಡಿದ."

"ಅವನ ವಿಷಯ ಕೇಳಲಿಲ್ಲ ಕಣೋ, ಮಂಕೇ."

"ಗೊತ್ತು. ಚೆನ್ನಾಗಿತ್ತು."

ಅವಳು ನೀರು ಕುಡಿದು ಮೈಕಿನ ಹತ್ತಿರ ಹೋದಳು. "ಇನ್ನೊಂದ್ಸಲ," ಎಂದಳು, ಯಾರಿಗೆಂದಿಲ್ಲದೆ. ಸೋಡಾಬುಡ್ಡಿ ಶುರುಮಾಡಿದ. ಈ ಸಲ ಅವಸರ ಮಾಡಲಿಲ್ಲ. ನಾನು ಮೇಜಿನ ಮೇಲೆ ಉಳಿದಿದ್ದ ಐದು ಪಿಕ್ಕುಗಳನ್ನು ಸದ್ದಾಗದಂತೆ ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿದೆ. ಎಡಗೈಯಲ್ಲಿ.