ಹೊನ್ನೂರಪ್ಪನ ‘ನೋಡ್ರಿ’

ಹನುಮನಹಳ್ಳಿಯ ಹೊನ್ನೂರಪ್ಪನಿಗೆ ದೇವರು ಎರಡು ಕೊಟ್ಟಿದ್ದ: ಹೊಳೆದಂಡೆಯಲ್ಲೊಂದು ಕಾಟೇಜು, ಮತ್ತೆ ನಿಲ್ಲದ ಬಾಯಿ. ಹೊಳೆ ತುಂಬಿ ಬಂದಾಗ ಕಾಟೇಜಾದರೂ ಮುಚ್ಚುತ್ತಿತ್ತು, ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಬಂದವರನ್ನು ತನ್ನ ಆಟೋದಲ್ಲೇ ಕೂರಿಸಿಕೊಂಡು ಸುತ್ತಿಸುವವನೂ ಅವನೇ. ಅವನ ಮಾತು ‘ನೋಡ್ರಿ’ಯಿಂದ ಹೊರಟು ‘ನೋಡ್ರಿ’ಗೇ ಬಂದು ಮುಟ್ಟುತ್ತಿತ್ತು. ಈ ಸೀಮೆಯಲ್ಲಿ ಆ ಮಾತಿಲ್ಲದೆ ಯಾರೂ ನೀರು ಸಹ ಕೇಳುವುದಿಲ್ಲ ಬಿಡಿ, ಆದರೂ ಹೊನ್ನೂರಪ್ಪನದು ಒಂದು ಹಿಡಿ ಜಾಸ್ತಿಯೇ.

ಆ ಚಳಿಗಾಲ ಕುಮಟೆಯ ಕಡೆಯಿಂದ ನಾಗವೇಣಿ ಪಟಗಾರ ಎಂಬ ನಿವೃತ್ತ ಟೀಚರು, ಅಣ್ಣನ ಮಗಳು ಕವಿತಾಳ ಕೈ ಹಿಡಿದು ಬಂದರು. ಆಟೋ ನಿಲ್ಲುವ ಮೊದಲೇ ಹೊನ್ನೂರಪ್ಪ ಶುರುಹಚ್ಚಿಕೊಂಡ.

“ಬರ್ರಿ ಅಕ್ಕೋರ, ಬರ್ರಿ. ಅಲ್ಲಿ ನೋಡ್ರಿ, ಅದ ಅಂಜನಾದ್ರಿ! ಹನುಮಪ್ಪ ಹುಟ್ಟಿದ ಗುಡ್ಡ. ತುದೀಗೆ ಬೆಳ್ಳನ ಗುಡಿ ಹೆಂಗ ಕಾಣತೈತಿ ನೋಡ್ರಿ!”

ನಾಗವೇಣಿ ದನಿ ಬಂದ ಕಡೆ ಮುಖ ತಿರುಗಿಸಿ ನಕ್ಕರು. “ಕಾಣೂದಿಲ್ಲ ತಮ್ಮಾ. ಕಣ್ಣು ಹೋಗಿ ವರ್ಷಗಳೇ ಆದವು. ನೀವು ಹೇಳಿ, ನಾನು ಕೇಳ್ತೇನೆ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಹೊನ್ನೂರಪ್ಪನಿಗೆ. ಆದರೆ ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು. ಅಂದು ಮಧ್ಯಾಹ್ನ ಆನೆಗೊಂದಿಯ ಗಗನಮಹಲಿನ ಮುಂದೆ ನಿಂತು, ಕಮಾನಿನಿಂದ ಹಿಡಿದು ಬಾಳೆಹಣ್ಣು ಕಸಿದು ಗೋಡೆ ಏರಿದ ಕೋತಿಯವರೆಗೆ, “ನೋಡ್ರಿ, ನೋಡ್ರಿ” ಎಂದು ಊರನ್ನೇ ತಲೆಯ ಮೇಲೆ ಹೊತ್ತ.

ಸಂಜೆ ಬಿಸಿರೊಟ್ಟಿ, ಎಣ್ಣೆಗಾಯಿ ಮುಂದಿಟ್ಟುಕೊಂಡು ನಾಗವೇಣಿ ತಮ್ಮ ಕತೆ ಹೇಳಿದರು. “ಸರ್ವಿಸು ಮುಗಿಯೋತನಕ ಮಕ್ಕಳಿಗೆ ಆನೆಗೊಂದಿ, ಕಿಷ್ಕಿಂಧೆ ಅಂತ ಪಾಠ ಮಾಡಿದೆ. ಬಂದದ್ದು ಮಾತ್ರ ಈಗ. ನಮ್ಮ ಅಣ್ಣ ಹೇಳ್ತಾನೆ, ಕಣ್ಣಿಲ್ಲದವಳಿಗೆ ಊರು ನೋಡೋ ಚಪಲ ಯಾಕೆ, ಮನೆ ಮುಂದೆ ಸಮುದ್ರ ಇದೆ, ಅದನ್ನೇ ಕೇಳ್ತಾ ಕೂತ್ಕೋ ಅಂತ. ಹಟ ಮಾಡಿ ಬಂದಿದ್ದೇನೆ. ಇಲ್ಲಿಂದ ಬರಿಗೈಲಿ ಹೋದ್ರೆ ಅವನ ಮಾತೇ ನಿಜ ಆಯ್ತು. ಇನ್ನು ಹೊಸ್ತಿಲು ದಾಟೂದಿಲ್ಲ.”

ಹೊನ್ನೂರಪ್ಪ ಖಾಲಿ ರೊಟ್ಟಿಬುಟ್ಟಿ ಎತ್ತಿಕೊಂಡು ಎದ್ದ. ಒಳಗೆ ಹೋದರೆ ಹೆಂಡತಿ ಹಂಪವ್ವ ಸೌಟು ಹಿಡಿದೇ ಕಾಯುತ್ತಿದ್ದಳು.

“ಕಣ್ಣಿಲ್ಲದಾಕಿಗೆ ನೋಡ್ರಿ ನೋಡ್ರಿ ಅಂತೀರಲ್ಲ, ಗಾಯದ ಮ್ಯಾಲ ಉಪ್ಪು ಹಾಕಿದಂಗ ಆಗೂದಿಲ್ಲೇನು? ನಾಳಿಂದ ಆ ಮಾತು ಬಾಯಾಗ ಬಂದ್ರ ನೋಡ್ರಿ ಮತ್ತ!”

ಆ ಮಾತು ತನ್ನ ಬಾಯಲ್ಲೇ ಬಂದದ್ದು ಆಕೆಗೂ ತಿಳಿಯಲಿಲ್ಲ, ಪೆಚ್ಚಾಗಿ ನಿಂತಿದ್ದ ಅವನಿಗೂ ತಿಳಿಯಲಿಲ್ಲ.

ಮರುದಿನ ಹೊನ್ನೂರಪ್ಪ ನಾಲಗೆಗೆ ಬೀಗ ಜಡಿದ. ಆ ಒಂದು ಮಾತು ಹಿಡಿದಿಟ್ಟರೆ ಬೇರೆ ಯಾವುದೂ ಹೊರಡುವುದಿಲ್ಲವೆಂದು ಅವನಿಗಾದರೂ ಏನು ಗೊತ್ತಿತ್ತು! ಪಂಪಾಸರೋವರದಲ್ಲಿ “ನೋ...” ಎಂದು ಉಗುಳು ನುಂಗಿ, “ಇದು ಹೊಂಡರಿ” ಎಂದ. ಎಂಥ ತಾವರೆ ಅರಳಿತ್ತು ಅಲ್ಲಿ! ಹೇಳಲಿಲ್ಲ. ಹರಿಗೋಲಿನಲ್ಲಿ ಕೂತಾಗ “ಇದು ಹೊಳಿರಿ” ಎಂದ, ಮುಗಿಯಿತು. ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ಕೂತು ಅವನನ್ನೇ ಅಣಕಿಸುತ್ತಿದ್ದವು. ನಾಗವೇಣಿಯವರ ಮುಖ ಹೊತ್ತು ಹೋದಂತೆ ಬಾಡಿತು. ಸಂಜೆ ಅವರು ಕವಿತಾಳಿಗೆ, “ಬಟ್ಟೆ ತುಂಬು ಮಗಾ. ಬೆಳಿಗ್ಗೆ ಹೊರಡೋಣ” ಎಂದದ್ದು ಹೊನ್ನೂರಪ್ಪನ ಕಿವಿಗೂ ಬಿತ್ತು.

“ಯಾಕ್ರೀ ಅಕ್ಕೋರ? ನಮ್ಮಿಂದೇನರ ತಪ್ಪಾತೇನು?”

“ನಿನ್ನೆ ನಿಮ್ಮ ಮಾತಲ್ಲಿ ಗಗನಮಹಲಿನ ಕಮಾನು ನೋಡಿದೆ ತಮ್ಮಾ. ಬಾಳೆಹಣ್ಣು ಕಸಿದ ಕೋತಿಯ ಮೋರೆ ಸಹ ನೋಡಿದೆ. ಇವತ್ತು ಏನೂ ಕಾಣಲಿಲ್ಲ. ಕುರುಡಿಗೆ ಹೇಳಿ ಏನಾಗೂದದೆ ಅಂತ ನೀವೂ ಕೈಬಿಟ್ರಿ.”

ಹೊನ್ನೂರಪ್ಪನ ಕಣ್ಣಲ್ಲಿ ನೀರಾಡಿತು. “ಹಂಗಲ್ರೀ ಯವ್ವಾ! ಬಾಯಿ ತೆಗದ್ರ ‘ನೋಡ್ರಿ’ ಬರತೈತಿ. ನಿಮಗ ನೋವಾಗತೈತಿ ಅಂತ ತಡಕೊಂಡೆ. ಅದನ್ನ ತಡದ್ರ ಮಾತ ನಿಂತ ಹೋದ್ವು!”

ನಾಗವೇಣಿ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ನಗು ನಿಲ್ಲಿಸಿ ಅವನ ದನಿಯ ಕಡೆ ತಿರುಗಿದರು. “ಕಣ್ಣು ಹೋದ ಮೇಲೆ ನನಗೆ ಯಾರೂ ‘ನೋಡು’ ಅಂದಿರಲಿಲ್ಲ. ಎಲ್ಲರೂ ಜೋಪಾನ, ಕೂತ್ಕೋ ಅನ್ನೋರೇ. ನೀವೊಬ್ಬರು ಅಂದ್ರಿ. ಅದನ್ನೂ ಕಿತ್ಕೊಂಡ್ರಲ್ಲ!”

“ಹಂಗಾರ ನಾಳಿ ಹೋಗಬ್ಯಾಡ್ರಿ. ಮೋರ್ಯರ ಗುಡ್ಡ ಐತಿ. ಅದನ್ನ ನೋಡೇ ಹೋಗ್ರಿ,” ಎಂದ ಹೊನ್ನೂರಪ್ಪ. ನಿಂತಿದ್ದ ಗಾಲಿ ಮತ್ತೆ ಉರುಳಿತು.

ಬೆಳಿಗ್ಗೆ ಮೂವರೂ ಹಿರೇಬೆಣಕಲ್ಲಿನ ಆ ಮೋರ್ಯರ ಗುಡ್ಡ ಹತ್ತಿದರು. ದಾರಿಯೆಂದರೆ ಬರೀ ಬಂಡೆ, ಮುಳ್ಳು. ಕವಿತಾ ಎರಡು ಸಲ ಸಾಕೆಂದಳು, ಅತ್ತೆ ಒಂದು ಸಲವೂ ಅನ್ನಲಿಲ್ಲ. ಆ ಹೆಣ್ಣುಮಗಳ ಗಟ್ಟಿತನಕ್ಕೆ ಹೊನ್ನೂರಪ್ಪ ಮನಸ್ಸಿನಲ್ಲೇ ಕೈಮುಗಿದ. ಮೇಲೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಲುಮನೆಗಳು, ಸಾವಿರಾರು ವರ್ಷದಿಂದ ಹಾಗೇ ನಿಂತಿದ್ದವು.

“ಮೋರ್ಯರು ಅಂದ್ರ ಗೇಣುದ್ದದ ಮಂದಿ ಅಂತ ನಮ್ಮ ಹಿರೇರು ಹೇಳತಿದ್ರು ನೋಡ್ರಿ. ಸತ್ತವರಿಗೆ ಕಟ್ಟಿದ ಮನಿ ಅಂತಾರ ಓದಿದವರು. ಇಲ್ಲಿ ಕೈಯಿಟ್ಟು ನೋಡ್ರಿ, ಬಾಗಿಲದ ಕಲ್ಲಿನಾಗ ತೂತು!”

ನಾಗವೇಣಿ ಆ ದುಂಡು ಕಿಂಡಿಯ ಅಂಚಿನಗುಂಟ ಬೆರಳಾಡಿಸಿದರು. “ಎಷ್ಟು ನುಣುಪು! ಬಳೆ ಹಾಗೆ ಕೊರೆದಿದ್ದಾರೆ. ಕವಿತಾ, ನೀನು ನೋಡಿದ್ಯಾ ಇದನ್ನು?” ಮೊಬೈಲಿನಲ್ಲಿ ಫೋಟೊ ತೆಗೆದಿದ್ದ ಕವಿತಾ, ಆಗಷ್ಟೇ ಹತ್ತಿರ ಬಂದು ತಾನೂ ಕೈಯಿಟ್ಟಳು.

ಕೊನೆಗೆ ಇಬ್ಬರೂ ಆಸರೆ ಕೊಟ್ಟು ಅವರನ್ನು ಎತ್ತರದ ಬಂಡೆ ಹತ್ತಿಸಿದರು. ಅಲ್ಲಿ ಗುಂಡಗೆ ಕೂತಿತ್ತು ಕಲ್ಲಿನ ನಗಾರಿ. ಹೊನ್ನೂರಪ್ಪ ಅವರ ಕೈಗೊಂದು ಕಟ್ಟಿಗೆ ಕೊಟ್ಟು, “ಸಾವಕಾಶ ಬಡದು ನೋಡ್ರಿ,” ಎಂದ.

ಢಂ ಎಂದಿತು ಕಲ್ಲು. ದನಿ ಗುಡ್ಡದಿಂದ ಗುಡ್ಡಕ್ಕೆ ಹೋಯಿತು, ಕೆಳಗಿನ ಕಣಿವೆಗಿಳಿದು ತಿರುಗಿ ಬಂದು ಅವರ ಕಾಲಡಿಯಲ್ಲೇ ನಿಂತಿತು. ಗುಡ್ಡ ಎಲ್ಲಿದೆ, ಬಯಲು ಎಲ್ಲಿ ಬಿಚ್ಚಿಕೊಂಡಿದೆ, ಎಲ್ಲವನ್ನೂ ನಾಗವೇಣಿಯವರ ಬೆರಳು ತೋರಿಸುತ್ತ ಹೋಯಿತು. ಒಂದೂ ತಪ್ಪಲಿಲ್ಲ. ಹೊನ್ನೂರಪ್ಪನ ಬಾಯಿಗೆ, ಜೀವಮಾನದಲ್ಲಿ ಮೊದಲ ಸಲ, ತಾನಾಗಿಯೇ ಮಾತು ಬರಲಿಲ್ಲ.

“ಅಣ್ಣನಿಗೆ ಫೋನು ಹಚ್ಚು ಮಗಾ,” ಎಂದರು ನಾಗವೇಣಿ.

ಆ ಕಡೆಯಿಂದ ಅಣ್ಣನ ಗಾಬರಿಯ ದನಿ: “ಏನಾಯ್ತೇ? ಬಿದ್ಯಾ?”

“ಇಲ್ಲ. ನೋಡ್ರಿ ಅಣ್ಣಾ!”

“ಫೋನಲ್ಲಿ ಏನು ನೋಡೂದು ಮಾರಾಯ್ತಿ?”

ನಾಗವೇಣಿ ಫೋನನ್ನು ಕಲ್ಲಿನ ಹತ್ತಿರ ಹಿಡಿದು, ಕಟ್ಟಿಗೆ ಎತ್ತಿದರು.