ಅವಳು ಮುಗಿಸಿದ ನನ್ನ ಪಾಠ

ಹದಿನಾಲ್ಕು ವರ್ಷ ಒಂದೇ ಹೆಂಗಸಿನ ಜೊತೆ ಚಾದರ ಮಡಚಿದವಳು ನಾನು. ಗಂಡನ ಜೊತೆ ಕೂಡ ಅಷ್ಟು ವರ್ಷ ಬಾಳಲಿಲ್ಲ, ಆ ಮಾತು ಬಿಡಿ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ಲಾಂಡ್ರಿ. ಹಾಸಿಗೆಯ ದೊಡ್ಡ ಚಾದರ ಒಬ್ಬರ ಕೈಯಲ್ಲಿ ಮಡಚೋಕಾಗಲ್ಲ. ಇಬ್ಬರು ಎದುರೆದುರು ನಿಂತು ಮೂಲೆ ಹಿಡಿದು, ಒದರಿ, ಹತ್ತಿರ ಬಂದು, ಮೂಲೆ ಅವಳ ಕೈಗಿಟ್ಟು ಹಿಂದೆ ಸರೀಬೇಕು. ಹಾಗೆ ಎದುರು ನಿಲ್ಲುವವಳನ್ನು ನಾವು ಜೋಡಿ ಅಂತೀವಿ. ನಾನು ಅವಳನ್ನು ಜೋಡಿ ಅಂತಲೇ ಕರೀತಿದ್ದೆ, ಅವಳೂ ನನ್ನನ್ನು ಹಾಗೇ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಯಾರ ರಾಶಿಯೂ ಉಳಿಯಬಾರದು. ಒಬ್ಬಳಿಗೆ ಸೊಂಟ ಹಿಡಿದರೆ, ಮಗುವಿಗೆ ಜ್ವರ ಅಂತ ಬೇಗ ಹೊರಟರೆ, ಉಳಿದ ರಾಶಿ ಜೋಡಿ ಮುಗಿಸ್ತಾಳೆ. ಕೇಳೋದಿಲ್ಲ, ಹೇಳೋದಿಲ್ಲ. ನನ್ನನ್ನು ಮುಳುಗಿಸಿದ್ದು ಇದೇ ಪದ್ಧತಿ.

ಹೋದ ವರ್ಷ ಗೋಡೆ ಮೇಲೆ ಒಂದು ಸೂಚನೆ ಅಂಟಿಸಿದರು. ಬೇರೆ ನಾಡಿನಿಂದ ಬರೋ ರೋಗಿಗಳು ಜಾಸ್ತಿಯಾಗಿದ್ದಾರೆ, ಅವರ ಭಾಷೆ ಮಾತಾಡೋರು ಮೇಲಿನ ವಿಚಾರಣೆ ಮೇಜಿಗೆ ಬೇಕು, ಎರಡು ಕುರ್ಚಿ ಇವೆ, ವರ್ಷದ ಕೊನೆಗೆ ಬಾಯಿಮಾತಿನ ಪರೀಕ್ಷೆ. ನನಗೆ ಆ ಕುರ್ಚಿ ಬೇಕೇ ಬೇಕಿತ್ತು. ಉಗಿ ಯಂತ್ರದ ಮುಂದೆ ನಿಂತೂ ನಿಂತೂ ನನ್ನ ಬಲ ಮೊಣಕಾಲು ತೆಂಗಿನಕಾಯಿ ಗಾತ್ರ ಆಗಿದೆ. ಇನ್ನೆರಡು ವರ್ಷ ಹೀಗೇ ನಿಂತರೆ ಮೆಟ್ಟಿಲು ಹತ್ತೋದನ್ನ ಮರೆತುಬಿಡಿ ಅಂತ ಡಾಕ್ಟರು ಹೇಳಿದ್ದರು. "ಇಬ್ಬರೂ ಹೋಗೋಣ ಕಣೇ, ಪಕ್ಕಪಕ್ಕ ಕೂತ್ಕೊಂಡು ರಾಣಿಯರ ಥರ ಚೀಟಿ ಕೊಡೋಣ" ಅಂದಳು ಜೋಡಿ. ನಾನು ನಕ್ಕೂ ನಕ್ಕೂ ಸುಸ್ತಾದೆ.

ಕಲಿಯೋದು ಫೋನಿನಲ್ಲಿ. ಆಸ್ಪತ್ರೆಯವರೇ ಒಂದು ಆ್ಯಪ್ ಹಾಕಿಕೊಟ್ಟರು. ಒಂದು ಫೋನಿಗೆ ದಿನಕ್ಕೆ ಒಂದೇ ಪಾಠ. ಮುಗಿಸಿದರೆ ಹಸಿರು ಗುರುತು ಬಿದ್ದು ಸರಪಳಿ ಒಂದು ಕೊಂಡಿ ಬೆಳೀತದೆ. ತಪ್ಪಿಸಿದರೆ ಸೊನ್ನೆ. ಅದೂ ಸಾಲದು ಅಂತ ಮೇಸ್ತ್ರಿ ನಮ್ಮೆಲ್ಲರ ಸರಪಳಿಯನ್ನು ಬೋರ್ಡಿಗೆ ಏರಿಸಿದ. ಒಬ್ಬಳ ಸರಪಳಿ ಕಡಿದರೂ ಇಡೀ ಲಾಂಡ್ರಿಗೆ ಶನಿವಾರದ ಅರ್ಧ ದಿನ ರಜೆ ಖೋತಾ.

ಮೊದಲ ಒಂದು ವಾರ ನಾನೇ ಮಾಡಿದೆ. ದೇವರಾಣೆ, ಖುಷಿಯಾಗಿತ್ತು. ನೀರು, ನೋವು, ಬಾಗಿಲು, ಇವಕ್ಕೆಲ್ಲ ಆ ಭಾಷೆಯ ಮಾತು. ಬಸ್ಸಿನಲ್ಲಿ ಒಬ್ಬಳೇ ಗೊಣಗ್ತಾ ಹೋಗ್ತಿದ್ದೆ, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗೋರು. ಎಂಟನೇ ದಿನ ಯಂತ್ರದ ಪಾಳಿ ಉದ್ದ ಆಯ್ತು, ಕೈಯೆಲ್ಲ ಒದ್ದೆ. ಫೋನುಗಳನ್ನು ಬಾಗಿಲ ಹತ್ತಿರದ ಬುಟ್ಟಿಯಲ್ಲಿಡಬೇಕು. "ಜೋಡಿ, ಇವತ್ತೊಂದಿನ ನಂದೂ ಒತ್ತಿಬಿಡು" ಅಂತ ನಾನೇ ಕೂಗಿದೆ. ತಪ್ಪು ನನ್ನದೂ ಇದೆ, ಇಲ್ಲ ಅನ್ನಲ್ಲ. ಅವಳಿಗೆ ನನ್ನ ಫೋನಿನ ಬೀಗ ಗೊತ್ತಿತ್ತು. ನನ್ನದೇನು ಗೊತ್ತಿರಲಿಲ್ಲ ಅವಳಿಗೆ!

ಮಾರನೇ ದಿನ ಊಟದ ಹೊತ್ತಿಗೆ ಬುಟ್ಟಿಗೆ ಕೈ ಹಾಕಿದರೆ ಹಸಿರು ಗುರುತು ಆಗಲೇ ಬಿದ್ದಿತ್ತು. "ಅಯ್ಯೋ, ನಿನ್ನ ರಾಶಿ ಉಳೀತದೇನೋ ಅಂತ ಮುಗಿಸಿಬಿಟ್ಟೆ" ಅಂದಳು. ಅದರ ಮಾರನೇ ದಿನವೂ ಅಷ್ಟೇ. "ನಾಳೆಯಿಂದ ನಾನೇ ಮಾಡ್ತೀನಿ" ಅಂದರೆ "ಆಯ್ತಮ್ಮ" ಅನ್ನೋಳು, ನಾಳೆ ಮತ್ತೆ ಹಸಿರು. ಒಂದು ತಿಂಗಳಾದ ಮೇಲೆ ಹೇಗೋ ಒಂದು ಪಾಠ ನನ್ನ ಕೈಗೆ ಸಿಕ್ಕಿತು. ಒಂದಕ್ಷರ ಅರ್ಥವಾಗಲಿಲ್ಲ. ನಾನಿಲ್ಲದೆ ಪಾಠ ಎಲ್ಲಿಗೋ ಹೋಗಿಬಿಟ್ಟಿತ್ತು. ಆಮೇಲೆ ನನಗೂ ಮನಸ್ಸು ಬರಲಿಲ್ಲ. ಬೋರ್ಡಿನಲ್ಲಿ ನನ್ನ ಸರಪಳಿ ಬೆಳೀತಾನೇ ಇತ್ತು, ಮೇಸ್ತ್ರಿ ಶಭಾಷ್ ಅಂತಿದ್ದ. ಆ ಶಭಾಷ್‌ಗೆ ನಾನೂ ಉಬ್ಬಿದೆ, ಮಂಕುಬಡಿದವಳು. "ಪರೀಕ್ಷೆ ಹೇಗೇ?" ಅಂತ ಕೇಳಿದ್ದಕ್ಕೆ "ಸುಮ್ನೆ ಎರಡು ಮಾತು ಕೇಳ್ತಾರಂತೆ, ಹೆದರಬೇಡ" ಅಂದಳು ಜೋಡಿ. ನಂಬಿದೆ.

ಪರೀಕ್ಷೆ ಮಾಡಿದ್ದು ಕನ್ನಡಕದ ಒಬ್ಬ ಹೆಂಗಸು. ಪಕ್ಕದಲ್ಲಿ ಒಬ್ಬ ಮುದುಕ, ನಿಜವಾದ ರೋಗಿ. ಆತ ಹೊಟ್ಟೆ ಹಿಡಿದುಕೊಂಡು ಏನೋ ಕೇಳಿದ. ನನಗೆ ನೋವು ಅನ್ನೋದೊಂದು ಕೇಳಿಸಿತು, ಉಳಿದದ್ದು ಬರೀ ಸದ್ದು. ಆತ ನನ್ನ ಮುಖ ನೋಡ್ತಾನೇ ಇದ್ದ, ನಾನು ನೆಲ ನೋಡ್ತಾ ಇದ್ದೆ. ಕೊನೆಗೆ ಆ ಹೆಂಗಸು ನಮ್ಮ ಭಾಷೆಯಲ್ಲೇ ಮೆಲ್ಲಗೆ ಅಂದಳು, "ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ ಅಂತ ಇವರ ಭಾಷೆಯಲ್ಲಿ ಅಂದಿದ್ದರೂ ನಾನು ಮುಂದಿನ ಪ್ರಶ್ನೆ ಕೇಳ್ತಿದ್ದೆ. ಅದು ಒಂಬತ್ತನೇ ಪಾಠದಲ್ಲೇ ಇದೆಯಲ್ಲಮ್ಮ. ನೀವು ಮುನ್ನೂರು ಪಾಠ ಮುಗಿಸಿದ್ದೀರಿ." ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಜೋಡಿ ಪಾಸಾದಳು. ಅವಳೊಬ್ಬಳೇ.

ಅದಕ್ಕೂ ನನಗೆ ಹೊಟ್ಟೆ ಉರೀಲಿಲ್ಲ, ನಂಬಿ. ಒಬ್ಬಳಾದರೂ ಹೋದಳಲ್ಲ ಅಂತ ಅವಳ ಬೆನ್ನು ತಟ್ಟಿದೆ. ಅವಳು ಮೇಲೆ ಹೋದ ದಿನವೇ ಮೇಸ್ತ್ರಿ ಬಂದು ನನ್ನ ಮುಂದೆ ಹೊಗಳಿದ. "ಏನು ಜಾಣೆ ರೀ ನಿಮ್ಮ ಜೋಡಿ! ಎಲ್ಲರಿಗೂ ದಿನಕ್ಕೆ ಒಂದು ಪಾಠ, ತಾನು ಎರಡು ಸಲ ಅಭ್ಯಾಸ ಮಾಡ್ತಿದ್ದಳಂತೆ. ಅದಕ್ಕೇ ಭಾಷೆ ಬಂತಂತೆ. ಮೇಲೆ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದ್ದಾಳೆ."

ನನ್ನ ಕೈಯಲ್ಲಿದ್ದ ದಿಂಬಿನ ಚೀಲ ಹಾಗೇ ಜಾರಿತು. ಎರಡನೇ ಸಲದ್ದು ಯಾರ ಪಾಠ? ನನ್ನದು! ನನ್ನ ರಾಶಿ ಮುಗಿಸಿದ್ದಲ್ಲ ಅವಳು, ನನ್ನ ಬಾಯಿಂದ ತುತ್ತು ಕಿತ್ಕೊಂಡಿದ್ದು. ಅದಕ್ಕೇ ಅಲ್ಲವೇ ನಾನು ಕೇಳಿದರೂ ಬಿಡದೇ ಇದ್ದದ್ದು! ಹದಿನಾಲ್ಕು ವರ್ಷ ಎದುರು ನಿಂತ ಮುಖ ರೀ ಅದು. ಲಿನನ್ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತೆ.

ಸಂಜೆ ಫೋನಿನ ಬೀಗ ಬದಲಿಸಿದೆ. ಬೇಕಂತಲೇ ಒಂದು ದಿನ ಪಾಠ ಬಿಟ್ಟೆ. ಸರಪಳಿ ಸೊನ್ನೆಯಾಯ್ತು, ಶನಿವಾರದ ರಜೆ ಹೋಯ್ತು, ಎಲ್ಲರೂ ನನ್ನ ಮೇಲೆ ಉರಿದುಬಿದ್ದರು. ಉರೀಲಿ. ಬಿಟ್ಟಲ್ಲಿಂದ ಶುರು ಮಾಡಲೇ ಅಂತ ಫೋನು ಕೇಳಿತು. ಬೇಡ, ಒಂದರಿಂದ ಅಂದೆ. ಮೇಲೆ ಇನ್ನೊಂದು ಕುರ್ಚಿ ಖಾಲಿ ಇದೆ, ಪರೀಕ್ಷೆ ಮತ್ತೆ ಬರ್ತದೆ. ಮೊಣಕಾಲಿಗೆ ಅಲ್ಲಿವರೆಗೆ ತಾಳ್ಕೋ ಅಂತ ಹೇಳಿದ್ದೀನಿ. ಒಂಬತ್ತು ದಿನ ಒಂಬತ್ತು ಪಾಠ, ಊಟ ಬಿಟ್ಟು ಮಾಡಿದೆ.

ಹತ್ತನೇ ದಿನ ಅವಳು ಕೆಳಗೆ ಬಂದಳು. ಹೊಸ ನೀಲಿ ಕೋಟು, ಎದೆ ಮೇಲೆ ಬಿಲ್ಲೆ. ನಾನು ಒಬ್ಬಳೇ ಚಾದರದ ಜೊತೆ ಗುದ್ದಾಡ್ತಿದ್ದೆ. ಅವಳು ಅಭ್ಯಾಸಬಲದಿಂದ ಎದುರಿಗೆ ಬಂದು ಎರಡು ಮೂಲೆ ಹಿಡಿದಳು.

"ಫೋನ್ ಎತ್ತಲ್ಲ. ಕೋಪಾನಾ?" ಅಂದಳು. ನಾನು ಚಾದರ ಎಳೆದು ಹಿಡಿದೆ. ಒದರಿದೆವು. ಹತ್ತಿರ ಬಂದೆವು. ಮೂಲೆ ನನ್ನ ಕೈಗಿಡ್ತಾ ಅವಳು ಅಂದಳು, "ಮೊದಲು ನಿನಗೋಸ್ಕರ ಮಾಡಿದೆ ಕಣೇ. ಆಮೇಲೆ... ಆಮೇಲೆ ನನಗೋಸ್ಕರ ಮಾಡಿದೆ."

ನಾನು ಅವಳ ಕಣ್ಣನ್ನೇ ನೋಡಿದೆ. ರೋಗಿಗಳ ಆ ಭಾಷೆಯಲ್ಲಿ, ಒಂದಕ್ಷರ ತಪ್ಪದೆ ಹೇಳಿದೆ:

"ನನಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿ."

ಅವಳಿಗೆ ಚೆನ್ನಾಗಿ ಅರ್ಥವಾಯಿತು. ಬಾಯಿ ತೆರೆದಳು. ಇನ್ನೊಂದು ಸಲ ಹೇಳೋಕೆ ಅವಳ ಕೈಲಾಗಲಿಲ್ಲ.